ಗೇಟಿನ ಹೊರಗಿದ್ದುಕೊಂಡೇ ಶಾಲೆಯ ಮೇಲುಸ್ತುವಾರಿ ಮಾಡಲು ಅನುಮತಿ ಕೋರಿ

ಇಂದ:
ಎರ್ರೆಪ್ಪ ತಂದೆ ದಿವಂಗತ ಹಾಲಸಿದ್ದಪ್ಪ, ವಯಸ್ಸು 49, ಕಸುಬು ಭತ್ತದ ನಾಟಿ ಮೇಸ್ತ್ರಿ, ವಿದ್ಯೆ ಇದೇ ಶಾಲೆಯಲ್ಲಿ ಏಳನೆಯ ತರಗತಿ ಪಾಸು,
ಅಧ್ಯಕ್ಷರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ),
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕರಿಗೌರಿಹಾಳು.

ಗೆ:
ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಸಿರುಗುಪ್ಪ.

ವಿಷಯ: ಮೇಲೆ ಹೇಳಿದಂತೆ.

ಉಲ್ಲೇಖ:
1. “ಏನ್ರೀ ಮೇಡಮ್ಮಾರ, ಪಗಾರ ತಗೊಂಡು ಹುಡುಗರ ಜೋಡಿ ಹುಣಸಿಬೀಜ ಆಡಾಕ ಬಂದೀರೇನು? ನನ್ನ ಗದ್ದಿಯೊಳಗ ಹಿಂಗ ಕುಂತಿದ್ರ ಆಗಿಂದಾಗ ಮನಿಗೆ ಕಳಿಸಿಬಿಡತಿದ್ದೆ!” — ಅರ್ಜಿದಾರನ ಮಾತು, ದಿನಾಂಕ 09-01-2025, ಐದನೆಯ ತರಗತಿಯ ಬಾಗಿಲು, ಬೆಳಿಗ್ಗೆ 11.20.
2. “ಇದು ನಿಮ್ಮ ಗದ್ದಿ ಅಲ್ರೀ, ಅಧ್ಯಕ್ಷರ. ತಗೊಳ್ರಿ, ನೀವ ಕಲಿಸ್ರಿ.” — ಅತಿಥಿ ಶಿಕ್ಷಕಿ ಪಂಪಾವತಿಯವರ ಉತ್ತರ, ಅದೇ ದಿನ, 11.21.
3. ಸದರಿ ಶಿಕ್ಷಕಿಯವರು ಅರ್ಜಿದಾರನ ಕೈಗೆ ಸೀಮೆಸುಣ್ಣ ಕೊಟ್ಟು 11.40ರ ಬಸ್ಸಿಗೆ ಬಳ್ಳಾರಿಗೆ ಹೋದದ್ದು.

ಮಾನ್ಯರೇ,

ಉಲ್ಲೇಖ ಒಂದರ ಮಾತನ್ನು ಅರ್ಜಿದಾರನು ಆಡಿದ್ದು ನಿಜ. ಕೂಗಿ ಆಡಿದ್ದೂ ನಿಜ. ಆ ಕೂಗಿಗೆ ಬಿಸಿಯೂಟದ ಪಾರಮ್ಮನ ಕೈಯಿಂದ ಸೌಟು ಸಾರಿನೊಳಕ್ಕೆ ಬಿದ್ದದ್ದೂ ನಿಜ. ಯಾವುದನ್ನೂ ಅಲ್ಲಗಳೆಯುವುದಿಲ್ಲ. ಆದರೆ ಕಾರಣ ತಿಳಿಯದೆ ತಾವು ಆದೇಶ ಮಾಡಬಾರದು. ಆದ ಕಾರಣ ಕೆಳಗಿನ ಅಂಶಗಳನ್ನು ಬರೆದುಕೊಂಡಿದೆ.

1. ಮೊದಲು ಸದರಿ ಶಾಲೆಯಲ್ಲಿ ಸಮಿತಿಯ ಸಭೆ ಎಂದರೆ ಮಂಡಾಳು ಒಗ್ಗರಣೆ, ಎರಡು ಮಿರ್ಚಿ, ಒಂದು ಸಹಿ. ಸಭೆಯಲ್ಲಿ ಏನೇನು ಚರ್ಚೆಯಾಯಿತು ಎಂಬುದನ್ನು ಮುಖ್ಯ ಶಿಕ್ಷಕಿ ಸಾವಂತ್ರಮ್ಮನವರು ಸಭೆಗೆ ಮೊದಲೇ ನಡಾವಳಿ ಪುಸ್ತಕದಲ್ಲಿ ದುಂಡಗೆ ಬರೆದಿಟ್ಟಿರುತ್ತಿದ್ದರು. ಒಮ್ಮೆ ಉಪಾಧ್ಯಕ್ಷ ದುರುಗಣ್ಣನು “ಶಾಲೆಯ ಏಳಿಗೆ ಕುರಿತು ದೀರ್ಘವಾಗಿ ಮಾತನಾಡಿದನು” ಎಂದು ದಾಖಲಾಗಿದೆ. ಆ ಹೊತ್ತಿಗೆ ಅವನು ಕುರುಗೋಡಿನಲ್ಲಿ ಹಲ್ಲು ಕೀಳಿಸಿಕೊಳ್ಳುತ್ತಿದ್ದನು.

2. ಹೀಗಿರುವಾಗ ಡಿಸೆಂಬರಿನಲ್ಲಿ ಅಧ್ಯಕ್ಷ, ಉಪಾಧ್ಯಕ್ಷರನ್ನು ಬಳ್ಳಾರಿಗೆ ಕರೆಸಿ ಒಂದು ದಿನದ ತರಬೇತಿ ಕೊಡಲಾಯಿತು. “ಸ್ಥಳೀಯ ಶಾಲೆಗಳ ಸುಧಾರಣೆಯಲ್ಲಿ ಸಮಿತಿಗಳ ಕಾರ್ಯತಂತ್ರದ ಪಾತ್ರ” ಎಂದು ಗೋಡೆಯ ಮೇಲೆ ಬ್ಯಾನರು ಇತ್ತು. ತರಬೇತಿಯ ಮೇಡಂ ಅವರು, “ಸಹಿ ಹಾಕುವುದಷ್ಟೇ ನಿಮ್ಮ ಕೆಲಸವಲ್ಲ. ನಿಮ್ಮ ಶಾಲೆ ಐದು ವರ್ಷದಲ್ಲಿ ಎಲ್ಲಿಗೆ ಹೋಗಬೇಕು ಎಂದು ಯೋಚಿಸಿ” ಎಂದರು.

“ಸಾಲಿ ಎಲ್ಲಿಗೆ ಹೋಕ್ಕೈತಲೇ ಎರ್ರೆಪ್ಪ? ಅಲ್ಲೇ ಐತಲ್ಲ” ಎಂದು ದುರುಗಣ್ಣನು ಕಿವಿಯಲ್ಲಿ ಕೇಳಿದನು.

“ಸುಮ್ಮನ ಕೇಳಲೇ” ಎಂದು ಅರ್ಜಿದಾರನು ಹೇಳಿದನು. ಅವನಿಗೂ ತಿಳಿದಿರಲಿಲ್ಲ. ಊಟದ ನಂತರ ಮೇಡಂ ಅವರು ಮೇಲುಸ್ತುವಾರಿಯ ವಿಷಯ ಎತ್ತಿದರು. ಆಗ ಅರ್ಜಿದಾರನ ಜೀವಕ್ಕೆ ನೆಮ್ಮದಿಯಾಯಿತು. ಏಕೆಂದರೆ ಇಪ್ಪತ್ತಾರು ವರ್ಷದಿಂದ ಅವನು ಮಾಡುತ್ತಿರುವುದು ಅದನ್ನೇ. ಕೆಳಗೆ ಮೂವತ್ತು ಹೆಣ್ಣುಮಕ್ಕಳು ನಾಟಿ ಹಚ್ಚುತ್ತಾರೆ. ಮೇಸ್ತ್ರಿ ಬದುವಿನ ಮೇಲೆ ನಿಂತಿರುತ್ತಾನೆ. ಕೆಲಸದ ಹೊತ್ತಿನಲ್ಲಿ ಯಾರೂ ಕೂಡುವಂತಿಲ್ಲ. ಯಾರ ಸಾಲು ಹಿಂದೆ ಬಿತ್ತೋ ಅವರ ಹೆಸರು ಹಿಡಿದು ಕೂಗಬೇಕು. ಇದಕ್ಕಿಂತ ಹೆಚ್ಚಿನ ಕಾರ್ಯತಂತ್ರ ಅವನಿಗೆ ಗೊತ್ತಿಲ್ಲ.

3. ಆದ್ದರಿಂದ ಮಾರನೆಯ ದಿನವೇ ಅನುಷ್ಠಾನಕ್ಕೆ ಇಳಿಯಲಾಯಿತು. ಹೆಣ್ಣುಮಕ್ಕಳ ಪಾಯಖಾನೆಗೆ ನೀರಿಲ್ಲದೆ ಎಂಟು ತಿಂಗಳಾಗಿತ್ತು. ಅರ್ಜಿದಾರನು ಮೋಟರು ರಿಪೇರಿಯವನ ಅಂಗಡಿಯ ಮುಂದೆ ನಿಂತು ಒಂದು ತಾಸು ಕೂಗಿದನು. ಸಂಜೆಯೊಳಗೆ ನೀರು ಬಂತು. ಇದನ್ನು ತಾವು ಗಮನಿಸಬೇಕು. ಏಕೆಂದರೆ ಮುಂದಿನದನ್ನು ಓದಿದ ಮೇಲೆ ಇದನ್ನು ಮರೆತುಬಿಡುವ ಸಂಭವವಿದೆ.

ಮುಂದಿನದು: ಕೆಲಸದ ಹೊತ್ತಿನಲ್ಲಿ ಕೂಡಬಾರದೆಂಬ ಕಾರಣಕ್ಕೆ ಶಿಕ್ಷಕರ ಆರೂ ಕುರ್ಚಿಗಳನ್ನು ಎತ್ತಿಸಿ ಉಗ್ರಾಣಕ್ಕೆ ಹಾಕಿಸಿ ಬೀಗ ಜಡಿಯಲಾಯಿತು. ಮೊಣಕಾಲು ನೋವಿನ ಸಾವಂತ್ರಮ್ಮನವರು ಬಿಸಿಯೂಟದ ಅಕ್ಕಿ ಚೀಲದ ಮೇಲೆ ಕುಳಿತು ಹಾಜರಿ ಬರೆದರು. ಅಲ್ಲಿಂದ ಮುಂದೆ ಅರ್ಜಿದಾರನು ದಿನಾಲೂ ಹತ್ತರಿಂದ ಹನ್ನೆರಡರವರೆಗೆ ಒಂದೊಂದು ತರಗತಿಯ ಬಾಗಿಲಲ್ಲಿ ನಿಂತು, ಇಂದು ಎಷ್ಟು ಪುಟ ಆಯಿತು, ನಿನ್ನೆ ಎಷ್ಟಾಗಿತ್ತು ಎಂದು ವಿಚಾರಿಸತೊಡಗಿದನು.

4. ದಿನಾಂಕ 9ರಂದು ಐದನೆಯ ತರಗತಿಗೆ ಬಂದಾಗ ಪಂಪಾವತಿ ಮೇಡಂ ಅವರು ನೆಲದ ಮೇಲೆ ಕುಳಿತಿದ್ದರು. ಸುತ್ತಲೂ ಮಕ್ಕಳು. ನಡುವೆ ಹುಣಸೆಬೀಜದ ಗುಡ್ಡೆ. ಎಲ್ಲರೂ ನಗುತ್ತಿದ್ದರು. ಕೆಲಸದ ಹೊತ್ತು, ಕುಳಿತಿದ್ದಾರೆ, ಮೇಲೆ ನಗು ಬೇರೆ. ಆ ಕಾರಣಕ್ಕೆ ಉಲ್ಲೇಖ ಒಂದು. ಆ ಕಾರಣಕ್ಕೆ ಉಲ್ಲೇಖ ಎರಡು. ಆ ಕಾರಣಕ್ಕೆ ಉಲ್ಲೇಖ ಮೂರು.

5. ಸದರಿ ಪಂಪಾವತಿಯವರು ಅತಿಥಿ ಶಿಕ್ಷಕಿ. ಬಾರದೆ ಹೋದರೆ ಅವರನ್ನು ಕೇಳುವವರಿಲ್ಲ. ಶಾಲೆಯಲ್ಲಿ ಗಣಿತ ಬಲ್ಲವರು ಅವರೊಬ್ಬರೇ. ವಸತಿ ಶಾಲೆಯ ಪ್ರವೇಶ ಪರೀಕ್ಷೆ ಮುಂದಿನ ತಿಂಗಳಿದೆ. ಈ ಸಲ ಐದನೆಯ ತರಗತಿಯಿಂದ ಒಂಬತ್ತು ಮಕ್ಕಳು ಬರೆಯುತ್ತಾರೆ. ಅವರಲ್ಲಿ ಅರ್ಜಿದಾರನ ಮಗಳು ಭಾಗ್ಯಳೂ ಒಬ್ಬಳು. ಅವಳು ಅಂದು ಸಂಜೆಯಿಂದ ಅಪ್ಪನೊಡನೆ ಮಾತು ಬಿಟ್ಟಳು. ಹೆಂಡತಿ ಊರಮ್ಮ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು.

“ನಿನ ಬಾಯಿಗೆ ಬಿದ್ದು ನಾಕು ಮಂದಿ ಆಳು ಹೋದ್ರು, ನನ ತಮ್ಮ ಬರೋದು ಬಿಟ್ಟ. ಈಗ ಹುಡುಗಿ ಟೀಚರ್‌ನೂ ಓಡಿಸಿದಿ. ಇನ್ನ ನಾನೊಬ್ಬಾಕಿ ಉಳಿದೀನಿ ನೋಡು” ಎಂದಳು.

6. ಮೂರನೆಯ ದಿನ ಸಸಿ ಹಂಚುವ ಕೆಲಸವಿತ್ತು. ನಲವತ್ತೈದು ಕಟ್ಟು ಸಸಿ, ಗದ್ದೆಯ ಆರು ಮಡಿ. ಇಪ್ಪತ್ತಾರು ವರ್ಷದಿಂದ ಅರ್ಜಿದಾರನು ಕಣ್ಣಂದಾಜಿನಲ್ಲೇ ಹಂಚಿದವನು. ಇಪ್ಪತ್ತಾರು ವರ್ಷದಿಂದ ಕೊನೆಯ ಮಡಿಗೆ ಸಸಿ ಸಾಲದೆ ಆ ಮಡಿಯ ಆಳುಗಳ ಜೊತೆ ಜಗಳವಾಡಿದವನು. ಬುತ್ತಿ ತಂದಿದ್ದ ಭಾಗ್ಯಳು ಮಾತಿಲ್ಲದೆ ಬದುವಿನ ಮೇಲೆ ಕುಳಿತು, ಬೆಣಚುಕಲ್ಲುಗಳನ್ನು ಆರು ಸಾಲಿಗೆ ಹಂಚಿದಳು.

“ಒಂದಕ್ಕ ಏಳು. ಮೂರು ಉಳಿದ್ವು. ಅವನ್ನ ದೊಡ್ಡ ಮಡಿಗೆ ಹಾಕು.”

“ಇದನ್ನ ಯಾರು ಹೇಳಿಕೊಟ್ರವ?”

“ನೀನು ಓಡಿಸಿದಿಯಲ್ಲ, ಅವರು. ಅದು ಆಟ ಅಲ್ಲಪ. ಭಾಗಾಕಾರ.”

ಅಂದು ಕೊನೆಯ ಮಡಿಗೆ ಸಸಿ ಸಾಕಾಯಿತು. ಜಗಳವಾಡಲು ಕಾರಣ ಸಿಗದೆ ಅರ್ಜಿದಾರನು ಬದುವಿನ ಮೇಲೆ ಬಹಳ ಹೊತ್ತು ಸುಮ್ಮನೆ ನಿಂತಿದ್ದನು. ಆಳುಗಳು ಅವನಿಗೆ ಜ್ವರ ಬಂದಿದೆ ಎಂದು ತಿಳಿದರು.

7. ಆದ್ದರಿಂದ ಸಂಕ್ರಾಂತಿಯ ಮಾರನೆಯ ದಿನ ಅರ್ಜಿದಾರನು ಕ್ಷಮೆ ಕೇಳುವ ಸಲುವಾಗಿ ಬಳ್ಳಾರಿಗೆ ಹೋದನು. ಕುರುಗೋಡಿನಿಂದ ಬಳ್ಳಾರಿಯವರೆಗೆ ಬಸ್ಸಿನಲ್ಲಿ ಮಾತನ್ನು ಬಾಯಿಪಾಠ ಮಾಡಿಕೊಂಡನು. ಕೋಟೆ ಗುಡ್ಡದ ಕೆಳಗಿನ ಓಣಿಯಲ್ಲಿ ಮನೆ ಸಿಕ್ಕಿತು. ಮೇಡಂ ಅವರ ತಾಯಿ ಶಿವಬಸಮ್ಮನವರು ಬಾಗಿಲು ತೆರೆದರು. ಒಳಗೆ ಮೇಡಂ ಕಾಣುತ್ತಲೇ ಬಾಯಿಪಾಠವೆಲ್ಲ ಹಾರಿಹೋಗಿ ಬಾಯಿಗೆ ಬಂದದ್ದು ಇಷ್ಟು:

“ನೋಡ್ರೀ, ಸೋಮವಾರದೊಳಗ ನೀವು ಸಾಲಿಗೆ ಬರಲಿಲ್ಲಂದ್ರ ನಾನು ಸುಮ್ಮನಿರಂಗಿಲ್ಲ!”

“ಏನವ್ವಾ, ಇವರು ತಪ್ಪಾತು ಅನ್ನಾಕ ಬಂದಾರೋ, ಜಗಳಕ್ಕ ಬಂದಾರೋ?” ಎಂದು ಶಿವಬಸಮ್ಮನವರು ಮಗಳನ್ನು ಕೇಳಿದರು.

“ತಪ್ಪಾತು ಅನ್ನಾಕನ ಬಂದೀನ್ರಿ!” ಎಂದು ಅರ್ಜಿದಾರನು ಕೂಗಿದನು. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಮೇಡಂ ಅವರು ನಗಲಿಲ್ಲ. ಚಹ ಕೊಟ್ಟರು. “ಶನಿವಾರ ನಿಮ್ಮ ಸಭೆಗೆ ಬರತೀನಿ. ನಾ ಹೇಳೋದನ್ನ ಅಲ್ಲೇ ಎಲ್ಲಾರ ಮುಂದ ಹೇಳತೀನಿ” ಎಂದರು.

8. ದಿನಾಂಕ 18ರ ಸಭೆಯ ನಡಾವಳಿಯನ್ನು ಸಾವಂತ್ರಮ್ಮನವರು ಮೊದಲೇ ಬರೆದಿರಲಿಲ್ಲ. ಏನಾಗುವುದೋ ಅವರಿಗೆ ತಿಳಿದಿರಲಿಲ್ಲ. ಪಂಪಾವತಿ ಮೇಡಂ ಅವರು ಎದ್ದು ನಿಂತು ಹೀಗೆಂದರು:

“ಈ ಒಂಬತ್ತು ಹುಡುಗರನ್ನ ಪರೀಕ್ಷೆಗೆ ತಯಾರು ಮಾಡೋದು ನನ್ನ ಜವಾಬ್ದಾರಿ. ನೀರು ತಂದ್ರಿ, ಚೊಲೋ ಆತು. ಆದ್ರ ಬಾಗಿಲದಾಗ ನೀವು ನಿಂತ್ರ ಹುಡುಗ್ರು ತಮಗ ಬರೋ ಲೆಕ್ಕಾನೂ ಮರೀತಾರ. ನಿಮ್ಮ ಮಗಳ ಕೈ ನಡುಗತಾವ, ನೋಡೀರೇನು? ನಾನು ಇಲ್ಲಿರೋ ತನಕ ನೀವು ಗೇಟಿನ ಒಳಗ ಬರಬಾರದು. ಹೂಂ ಅಂದ್ರ ಈಗಿಂದೀಗ ಕ್ಲಾಸಿಗೆ ಹೋಗತೀನಿ.”

“ಅಧ್ಯಕ್ಷನ್ನ ಸಾಲಿಯೊಳಗ ಬರಬ್ಯಾಡ ಅಂದ್ರ ಹೆಂಗವ್ವಾ? ನಿಯಮ ಅಂತ ಒಂದೈತಲ್ಲ” ಎಂದು ದುರುಗಣ್ಣನು ಎದ್ದನು. ಈ ಸಲ ಅವನು ನಿಜವಾಗಿಯೂ ಮಾತನಾಡಿದ್ದಾನೆ, ದಾಖಲಿಸಬಹುದು.

ಮಗಳ ಕೈ ನಡುಗುವುದನ್ನು ಅರ್ಜಿದಾರನು ನೋಡಿರಲಿಲ್ಲ. ಅವನು ನೋಡುತ್ತಿದ್ದದ್ದು ಪುಟಗಳನ್ನು. ಉಗ್ರಾಣದ ಬೀಗದ ಕೈಯನ್ನು ಸಾವಂತ್ರಮ್ಮನವರ ಮುಂದಿಟ್ಟನು. ಟವಲು ಹೆಗಲಿಗೆ ಹಾಕಿಕೊಂಡು ಅಂಗಳ ದಾಟಿ ಗೇಟಿನ ಹೊರಗೆ ಹೋದನು. ಅಂದಿನಿಂದ ಈ ಅರ್ಜಿ ಬರೆಯುವ ದಿನದವರೆಗೆ ಒಳಗೆ ಕಾಲಿಟ್ಟಿಲ್ಲ. ಇಡುವುದೂ ಇಲ್ಲ. ಮೇಡಂ ಅವರು ಅದೇ ಗಳಿಗೆಯಲ್ಲಿ ತರಗತಿಗೆ ಹೋದರೆಂದು ಗೋಡೆಯಾಚೆ ಮಕ್ಕಳ ಗದ್ದಲದಿಂದ ತಿಳಿದುಬಂದಿದೆ.

ಆದರೆ ಮಾನ್ಯರೇ, ಅರ್ಜಿದಾರನು ರಾಜೀನಾಮೆ ಕೊಡುವುದಿಲ್ಲ. ಈಗ ಅವನು ದಿನಾಲೂ ಬೆಳಿಗ್ಗೆ ಗೇಟಿನ ಎದುರಿನ ಹಳ್ಳದ ಸೇತುವೆಯ ಮೇಲೆ ನಿಲ್ಲುತ್ತಾನೆ. ಮೆಣಸಿನಕಾಯಿ ಬಿಡಿಸಲು ಹೋಗುವ ಆಟೋಗಳನ್ನು ಅಡ್ಡಗಟ್ಟಿ, ಒಳಗಿರುವ ಶಾಲೆಯ ಮಕ್ಕಳನ್ನು ಇಳಿಸಿ ಗೇಟಿನೊಳಕ್ಕೆ ಅಟ್ಟುತ್ತಾನೆ. ಈವರೆಗೆ ಹನ್ನೊಂದು ಮಕ್ಕಳು. ಅವರಲ್ಲಿ ಇಬ್ಬರು ಅವನ ಸ್ವಂತ ಆಳುಗಳ ಮಕ್ಕಳು. ಇಲ್ಲಿ ಅವನು ಕೂಗಿದರೆ ಯಾರ ಕೈಯೂ ನಡುಗುವುದಿಲ್ಲ, ಆಟೋದವರನ್ನು ಬಿಟ್ಟರೆ.

ತೊಡಕು ಇರುವುದು ಒಂದೇ. ಶಾಲೆಯ ದಾಖಲೆ ಶಾಲೆಯ ಹೊರಗೆ ಹೋಗುವಂತಿಲ್ಲವೆಂದು ಸಾವಂತ್ರಮ್ಮನವರು ಪಟ್ಟು ಹಿಡಿದಿದ್ದಾರೆ. ಅರ್ಜಿದಾರನು ಒಳಗೆ ಹೋಗುವಂತಿಲ್ಲ. ಆದ್ದರಿಂದ ಸದ್ಯಕ್ಕೆ ಅವರು ಗೇಟಿನ ಒಳಗೆ ನಡಾವಳಿ ಪುಸ್ತಕ ಹಿಡಿದು ನಿಲ್ಲುತ್ತಾರೆ. ಅರ್ಜಿದಾರನು ಹೊರಗಿನಿಂದ ಸರಳುಗಳ ನಡುವೆ ಕೈ ತೂರಿಸಿ, ಪ್ರತಿಯೊಂದು ಸಾಲನ್ನೂ ಓದಿಸಿಕೊಂಡು ಸಹಿ ಮಾಡುತ್ತಾನೆ. ಇದನ್ನು ಪಂಪಾವತಿ ಮೇಡಂ ಅವರು ಎರಡು ಸಲ ಕಿಟಕಿಯಿಂದ ನೋಡಿದ್ದಾರೆ. ಏನೂ ಅಂದಿಲ್ಲ. ಅನ್ನದೆ ಇರುವುದರಿಂದಲೇ ಅರ್ಜಿದಾರನಿಗೆ ಅಂಜಿಕೆ.

ಕಾರಣ ತಮ್ಮಲ್ಲಿ ಕೋರುವುದೇನೆಂದರೆ: ಅಧ್ಯಕ್ಷನ ಕೈ ಮೊಣಕೈಯವರೆಗೆ ಮಾತ್ರ ಗೇಟಿನ ಒಳಗೆ ಹೋದರೆ, ಅದನ್ನು ಅಧ್ಯಕ್ಷನು ಶಾಲೆಯನ್ನು ಪ್ರವೇಶಿಸಿದಂತೆ ಪರಿಗಣಿಸಬೇಕೋ ಬಾರದೋ ಎಂಬ ಬಗ್ಗೆ ಪ್ರವೇಶ ಪರೀಕ್ಷೆಗೆ ಮುಂಚಿತವಾಗಿ ಲಿಖಿತ ಆದೇಶ ನೀಡಬೇಕು. ಪ್ರವೇಶವೆಂದೇ ಆದಲ್ಲಿ ಎಡಗೈ ಹೆಬ್ಬೆಟ್ಟಿನ ತುದಿಯನ್ನಷ್ಟೇ ಒಳಗೆ ಬಿಡಲು ಅನುಮತಿ ನೀಡಬೇಕು.

ಗೇಟಿನ ಹೊರಗಿನಿಂದ ತಮ್ಮ ವಿಶ್ವಾಸಿ,
ಎರ್ರೆಪ್ಪ
ಸ್ಥಳ: ಹಳ್ಳದ ಸೇತುವೆ, ಕರಿಗೌರಿಹಾಳು
ದಿನಾಂಕ: 27-01-2025

ಲಗತ್ತುಗಳು:
1. ದಿನಾಂಕ 18ರ ನಡಾವಳಿಯ ಜೆರಾಕ್ಸ್ (ಸಹಿ ಸೊಟ್ಟಗಿದೆ, ಸರಳು ಅಡ್ಡ ಬಂದದ್ದರಿಂದ).
2. ತರಬೇತಿಯ ಪ್ರಮಾಣಪತ್ರ.
3. ಗೇಟಿನ ಎರಡು ಸರಳುಗಳ ನಡುವಿನ ಅಳತೆ: ನಾಲ್ಕೂವರೆ ಇಂಚು.