ನನ್ನ ದೇಹಕ್ಕೆ ಅವರ ಒಪ್ಪಿಗೆ

ನಮ್ಮ ಮನೆಯಲ್ಲಿ ನನ್ನ ಮಾತಿಗೆ ಎದುರು ಮಾತಿಲ್ಲ. ಇದನ್ನು ಜಂಭಕ್ಕಾಗಿ ಹೇಳುತ್ತಿಲ್ಲ. ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. (ನಮ್ಮ ಯಜಮಾನರನ್ನು ಮಾತ್ರ ಕೇಳಬೇಡಿ. ಅವರು ಮೊದಲು ನನ್ನನ್ನು ಕೇಳಿ, ಆಮೇಲೆ ನಿಮಗೆ ಹೇಳುತ್ತಾರೆ.) ಇಂತಹ ನಾನು ನನ್ನದೇ ದೇಹವನ್ನು, ಅಂದರೆ ನಾನೇ ತೊಳೆದು, ಉಣಿಸಿ, ಔಷಧಿ ಕುಡಿಸಿ ಇಷ್ಟು ವರ್ಷ ಕಾಪಾಡಿಕೊಂಡು ಬಂದ ದೇಹವನ್ನು, ದಾನ ಮಾಡಬೇಕಾದರೆ ಇದೇ ಯಜಮಾನರಾದ ಶ್ರೀಮಾನ್ ಬಸವಂತರಾಯರ ಸಹಿ ಬೇಕೆಂದು ತಿಳಿದಾಗ ಕಾಯ್ದೆ ಬರೆದವರ ಮನೆಯ ಪರಿಸ್ಥಿತಿಯ ಬಗ್ಗೆ ನನಗೆ ಸಂಶಯ ಬಂದಿತು.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಎರಡು ವರ್ಷವಾಗಿತ್ತು. ಗುಲ್ಬರ್ಗಾದ ಮೆಡಿಕಲ್ ಕಾಲೇಜಿನಿಂದ ಒಬ್ಬ ಡಾಕ್ಟರು ನಮ್ಮ ಮಹಿಳಾ ಮಂಡಳಕ್ಕೆ ಬಂದು, ವಿದ್ಯಾರ್ಥಿಗಳಿಗೆ ಅಭ್ಯಾಸಕ್ಕೆ ದೇಹಗಳು ಸಾಲುತ್ತಿಲ್ಲವೆಂದೂ, ಇಷ್ಟವಿದ್ದವರು ಈಗಲೇ ಬರೆದುಕೊಡಬಹುದೆಂದೂ ಭಾಷಣ ಮಾಡಿದರು. ಮಂಡಳದ ಕಾರ್ಯದರ್ಶಿ ಲಲಿತಾಬಾಯಿ ಎದ್ದು, "ಈ ವಿಷಯವನ್ನು ನಾವು ವಿಚಾರ ಮಾಡುತ್ತೇವೆ" ಎಂದಳು. ನಾನು ಅವಳಿಗಿಂತ ಎತ್ತರವಾಗಿ ಎದ್ದು ನಿಂತು, "ನಾನು ವಿಚಾರ ಮಾಡುವುದಿಲ್ಲ. ಕೊಡುತ್ತೇನೆ" ಎಂದೆ. ಚಪ್ಪಾಳೆ ಬಿತ್ತು. ಮುಂದಿನ ತಿಂಗಳು ಸಮಾರಂಭ, ಚಿತ್ತಾಪುರ ತಾಲೂಕಿನ ಪ್ರಥಮ ದಾನಿಗೆ ಸನ್ಮಾನ ಎಂದು ಅಲ್ಲಿಯೇ ನಿಶ್ಚಯವಾಯಿತು. ಕಂದೀಲಿನ ಬೆಳಕಿನಲ್ಲಿ, ಸಂಜೆಯ ಶಾಲೆಯಲ್ಲಿ, ನನ್ನ ಅರ್ಧ ವಯಸ್ಸಿನವರ ನಡುವೆ ಕುಳಿತು ಏಳನೆಯ ಇಯತ್ತೆ ಪಾಸು ಮಾಡಿದವಳು ನಾನು. ಕಾಲೇಜು ಸೇರಲು ನನಗೆ ಉಳಿದಿದ್ದ ಮಾರ್ಗ ಅದೊಂದೇ.

ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಹತ್ತಿರದ ಬಂಧುವಾಗಿರಬೇಕು, ಗಂಡನಿದ್ದರೆ ಗಂಡನೇ ಸರಿ ಎಂದು ಡಾಕ್ಟರು ಹೇಳಿ ಹೋದರು. ಅದೇನು ದೊಡ್ಡ ಮಾತು ಎಂದುಕೊಂಡು ಮನೆಗೆ ಬಂದೆ. ಯಜಮಾನರು ಬಸಿಯಲ್ಲಿ ಚಹಾ ಹಾಕಿಕೊಂಡು ಊದುತ್ತಿದ್ದರು.

"ನಾ ಸತ್ತ ಮ್ಯಾಲ ನನಗ ಗುಲ್ಬರ್ಗಾ ಕಾಲೇಜಿಗಿ ಕೊಡಬೇಕು" ಎಂದೆ.

"ಯಾವ ಕ್ಲಾಸಿಗಿ?"

"ಕ್ಲಾಸಿಗಲ್ಲ, ಟೇಬಲ್ಲಿಗಿ. ಡಾಕ್ಟರಕಿ ಓದೋ ಹುಡುಗ್ರು ಕೊಯ್ದು ನೋಡಿ ಕಲೀತಾರ."

"ಪಾಪ, ಆ ಹುಡುಗ್ರು" ಎಂದರು ಯಜಮಾನರು. ಚಹಾ ಸೊರ್ರೆಂದು ಕುಡಿದು ಮುಂದುವರಿಸಿದರು: "ಅಲ್ಲಾ, ನಮ್ಮಾಗ ಸತ್ತೋರಿಗಿ ಇಭೂತಿ ಹಚ್ಚಿ, ಕೈಯಾಗ ಲಿಂಗ ಕೊಟ್ಟು, ಕುಂದ್ರಿಸಿ ಮಣ್ಣು ಮಾಡ್ತಾರ. ಅಲ್ಲಿ ಮಲಗಿಸ್ತಾರ. ಮಂದಿ ಕೆಲಸ ಮಾಡೂಮುಂದ ನೀ ಸುಮ್ನ ಮಲಗಿದ್ದು ನಾ ಒಂದಿನ ನೋಡಿಲ್ಲ. ತಡಕೋತಿ ಏನು?"

"ನಿಮಗ ಕೇಳಲಿಕತ್ತಿಲ್ಲ, ಹೇಳಲಿಕತ್ತೀನಿ. ಬಂದು ಒಂದು ಸಹಿ ಮಾಡ್ರಿ, ಸಾಕು."

"ನನ್ನ ಸಹಿ ಬೇಕೇನು?"

ಆ ಪ್ರಶ್ನೆಯನ್ನು ಅವರು ಕೇಳಿದ ರೀತಿಯನ್ನು ನಾನು ಗಮನಿಸಬೇಕಾಗಿತ್ತು. ಬಸಿ ಕೆಳಗಿಟ್ಟರು. ಬೆನ್ನು ನೇರವಾಯಿತು. ಅವರು ವಾಡಿಯ ಪಾರ್ಸಲ್ ಆಫೀಸಿನ ಗುಮಾಸ್ತರು. ಮಾಲು ಕಳಿಸಲು ಬಂದವನು ಕಿಟಕಿಯ ಎದುರು ಕೈ ಮುಗಿದು ನಿಂತಾಗ ಬರುವ ಕಳೆ ಅವರ ಮುಖಕ್ಕೆ ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಬಂದಿತು.

"ಇಷ್ಟು ವರ್ಷ ಪಾರ್ಸಲ್ ಆಫೀಸಿನ್ಯಾಗ ಕುಂತೀನಿ" ಎಂದರು ನಿಧಾನವಾಗಿ. "ಕಳಸೋರ ಸಹಿ ನೋಡೀನಿ, ಬಿಡಿಸ್ಕೊಳ್ಳೋರ ಸಹಿ ನೋಡೀನಿ. ಮಾಲೇ ಎದ್ದು ನಿಂತು ಸಹಿ ಮಾಡಿ ಹೊಂಟಿದ್ದು ನೋಡಿಲ್ಲ. ಅದಕ್ಕ ಕಳಸೋರು ಒಬ್ರು ಬೇಕಾಗ್ತದ. ಸರ್ಕಾರ ಬರೋಬ್ಬರಿ ಮಾಡ್ಯಾದ. ವಿಚಾರ ಮಾಡ್ತೀನಿ."

'ವಿಚಾರ ಮಾಡ್ತೀನಿ' ಎಂಬ ಶಬ್ದ ಆ ಬಾಯಿಂದ ಹೊರಟದ್ದನ್ನು ಕೇಳಿ ಗೋಡೆಯ ಮೇಲಿನ ಹಲ್ಲಿಯೂ ನಿಂತಿತು.

ಅಂದಿನಿಂದ ನಮ್ಮ ಮನೆಯಲ್ಲಿ ರಾಜ್ಯಕ್ರಾಂತಿ. ಅಂಗಳದಾಚೆ ಸೇದಬೇಕಾದ ಬೀಡಿ ಪಡಸಾಲೆಗೆ ಬಂದಿತು. ಒಂದೇ ಸಲ ಕೊಡುತ್ತಿದ್ದ ಚಹಾ, "ಸಹಿ ಮಾಡೂ ಕೈಗಿ ಶಕ್ತಿ ಬೇಕಲ್ಲ" ಎಂಬ ಕಾರಣದಿಂದ ಮತ್ತೆ ಮತ್ತೆ ಆಗತೊಡಗಿತು. ಸಂಜೆಗೆ ಮಿರ್ಚಿ ಭಜಿ. ಭಾನುವಾರ ಗಾರ್ಡುಗಳನ್ನೆಲ್ಲ ಕರೆದು ನನ್ನ ಹೊಸ ಜಮಖಾನೆಯ ಮೇಲೆ ಇಸ್ಪೀಟು. ನಾನು ಬಾಯಿ ತೆರೆದರೆ ಸಾಕು, "ಮನಸ್ಸಿಗಿ ಬ್ಯಾಸರ ಆಗ್ಲಿಕತ್ತದ. ಬ್ಯಾಸರಾದ್ರ ಕೈ ನಡಗ್ತದ" ಎನ್ನುವರು. ಚಕ್ರವರ್ತಿನಿಯಾಗಿದ್ದವಳು ಕಡಲೆಹಿಟ್ಟು ಕಲಸುತ್ತ ಒಲೆಯ ಮುಂದೆ ಕುಳಿತೆ. ಎಲ್ಲವೂ ವಿಜ್ಞಾನಕ್ಕಾಗಿ. (ಮತ್ತು ನಾನು ಹಿಂಜರಿದರೆ ಸನ್ಮಾನದ ಹಾರ ಲಲಿತಾಬಾಯಿಯ ಕೊರಳಿಗೆ ಬೀಳುತ್ತದೆಂಬುದಕ್ಕಾಗಿ.)

ಪಕ್ಕದ ಕ್ವಾರ್ಟರ್ಸಿನ ಜೈಬುನ್ನೀಸಾ ನಡುಗೋಡೆಯ ಮೇಲೆ ಗದ್ದವಿಟ್ಟು ಕೇಳಿದಳು: "ಅಕ್ಕಾ, ನಿಮ್ಮ ಮನ್ಯಾಗ ಯಾರೋ ಗಂಡಸು ನಗಲಿಕತ್ತಾರ. ರಾಯರ ತಬಿಯತ್ತು ಸರಿ ಅದ ಇಲ್ಲ?"

ನಾನು ಸಂಗತಿಯನ್ನು ಸಮಗ್ರವಾಗಿ ವಿವರಿಸಿದೆ. ಅವಳು, "ಎಲ್ಲಾ ಕೊಡು ಅಕ್ಕಾ, ಪುಣ್ಯಾದ ಕೆಲಸ. ನಾಲಿಗಿ ಒಂದು ತೆಗೆದು ಇಟ್ಟು ಹೋಗು. ಹುಡುಗ್ರು ಸಣ್ಣವಿರ್ತಾವ, ಅಂಜತಾವ" ಎಂದಳು.

ಸಮಾರಂಭದ ದಿನ ಬಂದಿತು. ಮಂಡಳದ ಸಭಾಂಗಣದಲ್ಲಿ ಮೇಜು, ಮೇಜಿನ ಮೇಲೆ ಮೈಕು, ತಟ್ಟೆಯಲ್ಲಿ ಸೇವಂತಿಗೆಯ ಹಾರ. ನಾನು ಇಳಕಲ್ ಸೀರೆ ಉಟ್ಟು, ಸ್ಪಷ್ಟವಾದ ದುಂಡು ಅಕ್ಷರಗಳಲ್ಲಿ 'ಶರಣಬಸಮ್ಮ' ಎಂದು ಸಹಿ ಮಾಡಿದೆ. ಜೈಬುನ್ನೀಸಾ ಒಂದು ಸಾಕ್ಷಿ ಹಾಕಿದಳು. ಯಜಮಾನರು ಮದುವೆಯ ಕೋಟು ತೊಟ್ಟು ಬಂದು, ಲೇಖನಿ ಹಿಡಿದು, ನನ್ನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ಪರಿಶೀಲಿಸಿದರು.

"ತೂಕ ಬರೀಬೇಕೇನ್ರಿ, ಡಾಕ್ಟರ್ ಸಾಹೇಬ್ರ?"

"ಬೇಡ, ಬೇಡ. ಹೆಸರಷ್ಟೇ."

"ಒಡಿಯೋ ಮಾಲು ಅಂತ?"

"ಸಹಿ ಮಾಡ್ರಿ!" ಎಂದೆ ನಾನು.

ಮಾಡಿದರು. ಶಾಯಿ ಆರುವುದಕ್ಕೂ ಬಿಡದೆ ಕಾಗದವನ್ನು ಎಳೆದುಕೊಂಡೆ. ಹಾರ ಬಿತ್ತು, ಚಪ್ಪಾಳೆ ಬಿತ್ತು. ಲಲಿತಾಬಾಯಿಯ ಚಪ್ಪಾಳೆಗೆ ಸದ್ದೇ ಇರಲಿಲ್ಲವೆಂಬುದನ್ನೂ ಗಮನಿಸಿದೆ. ಒಂದು ತಿಂಗಳಿನಿಂದ ಗಂಟಲಲ್ಲಿ ತಡೆದುಕೊಂಡಿದ್ದುದೆಲ್ಲ ಆಗ ಮೇಲಕ್ಕೆ ಬಂದಿತು. ಯಜಮಾನರ ಕಡೆ ಬಾಗಿ, ಅವರಿಗೆ ಮಾತ್ರ ಕೇಳುವಂತೆ ಹೇಳಿದೆ:

"ಆಯ್ತಲ್ಲ ನಿಮ್ಮ ದರ್ಬಾರು? ನಾಳಿಂದ ಬೀಡಿ ಬಂದ್, ಭಜಿ ಬಂದ್, ಇಸ್ಪೀಟು ಬಂದ್. ಆ ಜಮಖಾನಿ ನೀವೇ ಒಗೀಬೇಕು. ಇನ್ನ ನಿಮ್ಮ ಸಹಿ ಯಾರಿಗಿ ಬೇಕಾಗ್ಯಾದ!"

ಕೇಳಿದ್ದು ಅವರೊಬ್ಬರಿಗೇ ಅಲ್ಲ. ಮೈಕು ಕೇಳಿತು. ಮೈಕು ಕೇಳಿದ್ದರಿಂದ ಸಭೆ ಕೇಳಿತು, ಸಭಾಂಗಣದ ಹೊರಗೆ ಸೋಡಾ ಮಾರುತ್ತಿದ್ದ ಮಜೀದಸಾಬನೂ ಕೇಳಿ ಒಳಗೆ ಇಣುಕಿದ.

ಲಲಿತಾಬಾಯಿ ಅತ್ಯಂತ ಮೃದುವಾಗಿ ಎದ್ದಳು. "ಡಾಕ್ಟರ್ ಸಾಹೇಬ್ರ, ನನಗ ತಿಳೀಲಿಲ್ಲ ಅಂತ ಕೇಳ್ತೀನ್ರಿ. ಈಗ ಸಹಿ ಮಾಡಿದೋರು ಮುಂದ ಮನಸ್ಸು ತಿರುಗಿಸಿದ್ರ ಹ್ಯಾಂಗ?"

"ಒಳ್ಳೆಯ ಪ್ರಶ್ನೆ" ಎಂದರು ಡಾಕ್ಟರು. "ಇವತ್ತಿನ ಸಹಿ ಬರೀ ಸಾಕ್ಷಿಗೆ. ನಿಜವಾದ ಒಪ್ಪಿಗೆ ಬೇಕಾಗುವುದು ಇವರು ತೀರಿಕೊಂಡ ದಿನ. ಅಂದು ಯಜಮಾನರೇ ನಮಗೆ ಸುದ್ದಿ ಮುಟ್ಟಿಸಿ ಕಳಿಸಿಕೊಡಬೇಕು. ಒಲ್ಲೆ ಅಂದರೆ ನಾವು ಒತ್ತಾಯ ಮಾಡುವಂತಿಲ್ಲ."

ಯಜಮಾನರು ಲೇಖನಿಯ ಟೊಪ್ಪಿಗೆಯನ್ನು ಬಹಳ ಸಾವಕಾಶವಾಗಿ ಹಾಕಿದರು. "ಅಂದ್ರ ಗಾಡಿ ಬಿಡೂ ತನಕಾ ಮಾಲು ವಾಪಸ್ ತಗೋಬಹುದು?"

"ಹಾಗೆಂದೇ ಇಟ್ಟುಕೊಳ್ಳಿ."

"ನಮ್ಮ ಕಾಯ್ದಾನೂ ಹಂಗೇ ಅದ ನೋಡ್ರಿ!" ಎಂದು ಅವರು ಸಭೆಯ ಕಡೆ ತಿರುಗಿ ಮುಖ ಅರಳಿಸಿದರು.

ನನ್ನ ಕೊರಳಿನ ಹಾರ ಇದ್ದಕ್ಕಿದ್ದಂತೆ ಭಾರವಾಯಿತು. ಲಲಿತಾಬಾಯಿ ಇನ್ನೂ ಕುಳಿತಿರಲಿಲ್ಲ. "ಮತ್ತ ರಾಯರೇ ಮೊದಲ ಹೋದ್ರ?"

"ಆಗ ಅವರ ನಂತರದ ಹತ್ತಿರದ ಬಂಧು ಒಪ್ಪಬೇಕು. ಮಕ್ಕಳು..."

"ಮಕ್ಕಳಿಲ್ರಿ" ಎಂದರು ಯಜಮಾನರು. "ನನ್ನ ತಂಗಿ ಒಬ್ಬಾಕಿ ಅದಾಳ, ನಾಲವಾರದಾಗ."

(ಈ ನಾದಿನಿಗೂ ನನಗೂ ಒಂದು ತಾಮ್ರದ ಹಂಡೆಯ ವಿಷಯದಲ್ಲಿ ಮಾತು ನಿಂತು ಬಹಳ ಕಾಲವಾಯಿತು. ನನ್ನ ಕಡೆಯ ಆಸೆ ಅವಳ ಕೈಗೆ ಸಿಕ್ಕರೆ ಕಾಲೇಜಿನ ಮಾತು ಹಾಗಿರಲಿ, ಅವಳ ದನದ ಕೊಟ್ಟಿಗೆಯ ಹಿಂದೆ ಜಾಗ ಸಿಕ್ಕರೂ ನನ್ನ ಪುಣ್ಯ.)

ಮನೆಗೆ ಬರುವ ದಾರಿಯಲ್ಲಿ ನಾನು ಕಾಯ್ದೆಯನ್ನು ಮನಸ್ಸಿನಲ್ಲಿಯೇ ಅಭ್ಯಾಸ ಮಾಡಿದೆ. ನಾನು ಕಾಲೇಜು ಸೇರಬೇಕಾದರೆ ಯಜಮಾನರು ನನ್ನ ಮೇಲೆ ಪ್ರಸನ್ನರಾಗಿರಬೇಕು. ಅದು ಒಂದು ದಿನಕ್ಕಲ್ಲ, ನನ್ನ ಕಡೆಯ ಉಸಿರಿನ ತನಕ. ಅಷ್ಟೇ ಅಲ್ಲ, ನನಗಿಂತ ಹೆಚ್ಚು ಕಾಲ ಅವರು ಬದುಕಿರಬೇಕು. ಪ್ರಸನ್ನರಾಗಬೇಕಾದರೆ ಎಣ್ಣೆಯಲ್ಲಿ ಕರಿದದ್ದು ಬೇಕು. ಬದುಕಿರಬೇಕಾದರೆ ಅದು ಬೇಡ. ಈ ಕಲಮಿಗೆ ಪರಿಹಾರ ಯಾವ ವಕೀಲನ ಬಳಿಯೂ ಇಲ್ಲ.

ಯಜಮಾನರು ಮಾತ್ರ ತಮ್ಮ ಜವಾಬ್ದಾರಿಯನ್ನು ಪೂರ್ಣವಾಗಿ ಒಪ್ಪಿಕೊಂಡಿದ್ದಾರೆ. ಬೆಳಿಗ್ಗೆ ಎಬ್ಬಿಸಿದರೆ, "ಮಲಗಲಿಕ್ಕ ಬಿಡು. ನಿನ್ನ ಸಲುವಾಗೇ ಉಳೀಬೇಕಲ್ಲ ನಾನು" ಎನ್ನುತ್ತಾರೆ. ಬಾದಾಮಿ ಹಾಲು ಕುಡಿಯುತ್ತಾರೆ. ಶೀನು ಬಂದರೆ ನಾನು ಕಷಾಯ ಹಿಡಿದು ಓಡುತ್ತೇನೆ. ಪಾರ್ಸಲ್ ಆಫೀಸಿನಿಂದ ಬರುವುದು ತಡವಾದರೆ ಬಾಗಿಲಲ್ಲಿ ನಿಲ್ಲುತ್ತೇನೆ.

ಗಂಡನ ಆಯುಷ್ಯಕ್ಕೆಂದು ಹೆಂಡತಿ ಉಪವಾಸ ಬೀಳುವುದು ಶುದ್ಧ ಮೌಢ್ಯವೆಂದು ಮಂಡಳದಲ್ಲಿ ಗಂಟೆಗಟ್ಟಲೆ ಭಾಷಣ ಮಾಡಿದವಳು ನಾನು. ಮೊನ್ನೆ ಶ್ರಾವಣ ಸೋಮವಾರ ಮಧ್ಯಾಹ್ನ ಜೈಬುನ್ನೀಸಾ ಗೋಡೆಯ ಮೇಲಿನಿಂದ ಇಣುಕಿದಳು.

"ಅಕ್ಕಾ, ಮುಂಜಾನಿಂದ ನಿನ್ನ ಮುಖ ಬಾಡ್ಯಾದ. ಉಂಡಿಲ್ಲೇನು?"

"ಉಪವಾಸ" ಎಂದೆ.

"ಯಾರ ಸಲುವಾಗಿ?"

ನಾನು ಸೆರಗನ್ನು ಸರಿಪಡಿಸಿಕೊಂಡು, ಬೆನ್ನನ್ನು ನೇರ ಮಾಡಿಕೊಂಡು, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದೆ:

"ವಿಜ್ಞಾನದ ಸಲುವಾಗಿ."