ಇಲ್ಲ ಅನ್ನದ ಸರ್ವರ್

ವೆಬ್‌ಸೈಟ್ ಬರೆಯುವವರಿಗೆ ಮುಖಭಂಗ ಹೊಸದಲ್ಲ, ವಾರಕ್ಕೊಂದಾದರೂ ಆಗುತ್ತದೆ. ನನಗೆ ಆದದ್ದೆಲ್ಲ ಒಂದೇ ಹಸಿರು ಟಿಕ್ಕಿನಿಂದ. ಅಹಮದಾಬಾದಿನ ಹತ್ತು ಜನರ ಕಂಪನಿಯೊಂದರಲ್ಲಿ ನನ್ನದು ಸರ್ವರ್ ಕೆಲಸ. ನೀವು ಗುಂಡಿ ಒತ್ತಿದರೆ ಬ್ರೌಸರಿನಿಂದ ಕೋರಿಕೆ ಬರುತ್ತದೆ, ಸರ್ವರ್ ಒಂದು ಸಂಖ್ಯೆಯೊಂದಿಗೆ ಉತ್ತರ ಕೊಡುತ್ತದೆ. 200 ಅಂದರೆ ಆಯಿತು, 404 ಅಂದರೆ ಕೇಳಿದ್ದು ಇಲ್ಲ, 500 ಅಂದರೆ ಸರ್ವರೇ ಮಕಾಡೆ ಮಲಗಿದೆ. ಇಷ್ಟು ಗೊತ್ತಿದ್ದರೆ ಸಾಕು. ಇನ್ನೊಂದು ಮಾತು: ಕೆಲಸಕ್ಕೆ ಸೇರಿದ ವರ್ಷವೇ ನನ್ನ ಮದುವೆ ಗೊತ್ತಾಗಿತ್ತು, ಹದಿನೈದು ದಿನ ರಜೆ ಬೇಕಿತ್ತು.

ಎಂಟು ಸಾಲು

ನಮ್ಮ ಮಾಲೀಕರನ್ನು ಆಫೀಸಿನಲ್ಲಿ ಎಲ್ಲರೂ ಮೋಟಾಭಾಯಿ, ಅಂದರೆ ದೊಡ್ಡಣ್ಣ, ಎನ್ನುತ್ತಾರೆ. ಊರಂಚಿನ ನರೋಡಾದ ಒಬ್ಬ ಕೆಮಿಕಲ್ ಕಾರ್ಖಾನೆಯವರಿಗೆ ನಮ್ಮ ಸಾಫ್ಟ್‌ವೇರ್ ತೋರಿಸುತ್ತಿದ್ದೆವು. ಅವರು ಏನೋ ಒತ್ತಿದರು, ಕೆಂಪಗೆ 404 ಬಂತು. "ನಾನೇನು ತಪ್ಪು ಮಾಡಿದೆ?" ಅಂದವರು ಚಹಾ ಕೂಡ ಮುಟ್ಟದೆ ಎದ್ದು ಹೋದರು.

ಮೋಟಾಭಾಯಿ ನನ್ನನ್ನು ಕೂರಿಸಿಕೊಂಡು ಹೇಳಿದರು: "ನಮ್ಮಪ್ಪ ನಲವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದರು. ಗಿರಾಕಿ ಇಲ್ಲದ ಬಣ್ಣ ಕೇಳಿದರೂ 'ಇದೆ, ಕೂತ್ಕೊಳ್ಳಿ, ಚಹಾ ಕುಡೀರಿ' ಅಂತಿದ್ದರು. ಅವರ ಬಾಯಲ್ಲಿ ಇಲ್ಲ ಅನ್ನೋ ಮಾತು ಬಂದಿದ್ದೇ ಇಲ್ಲ. ನಿಮ್ಮ ಸರ್ವರ್ ಅವರಿಗಿಂತ ದೊಡ್ಡ ಮನುಷ್ಯನಾ?"

ಹೊರಗೆ ಹೋಗುವ ಉತ್ತರಗಳೆಲ್ಲ ಹಾದುಹೋಗಲೇಬೇಕಾದ ಒಂದು ಬಾಗಿಲಿದೆ, ಅದಕ್ಕೆ ಮಿಡಲ್‌ವೇರ್ ಎನ್ನುತ್ತಾರೆ. ಅಲ್ಲಿ ಎಂಟು ಸಾಲು ಬರೆದೆ. ಒಳಗೆ ಏನೇ ಅನಾಹುತವಾಗಿರಲಿ, ಬಾಗಿಲು ದಾಟುವಾಗ ಅದು 200 ಆಗುತ್ತದೆ, ಪರದೆಯ ಮೇಲೆ ಹಸಿರು ಟಿಕ್ ಮೂಡುತ್ತದೆ, ಕೆಳಗೆ ಧನ್ಯವಾದ. ಮೋಟಾಭಾಯಿ ನೋಡಿ ಕಣ್ಣೊರೆಸಿಕೊಂಡರು. "ಥೇಟ್ ನಮ್ಮಪ್ಪ" ಅಂದರು.

ಸೂರತ್‌ನ ಸೀರೆ

ಸೂರತ್‌ನ ಸೀರೆ ವ್ಯಾಪಾರಿಯೊಬ್ಬರು ಆರ್ಡರ್ ಪಡೆಯಲು ಈ ಸಾಫ್ಟ್‌ವೇರ್ ತೆಗೆದುಕೊಂಡರು. ವಾರದ ನಂತರ ಅವರ ಫೋನ್ ಬಂತು.

"ಇಂಥ ಸಾಫ್ಟ್‌ವೇರ್ ನಾನು ಕಂಡಿಲ್ಲ. ಹಳೇದು ದಿನಾ ಎರರ್ ಕೊಡ್ತಿತ್ತು, ಇದು ಒಂದು ದಿನಾನೂ ಕೊಟ್ಟಿಲ್ಲ."

"ಸಂತೋಷ ಸರ್."

"ಒಂದು ಸಣ್ಣ ತೊಂದರೆ. ವಾರದಿಂದ ಗೋದಾಮಿಗೆ ಒಂದು ಆರ್ಡರೂ ಮುಟ್ಟಿಲ್ಲ."

ಮೋಟಾಭಾಯಿಗೆ ವರದಿ ಒಪ್ಪಿಸಿದೆ. ಅವರು ಯೋಚಿಸಿ ಹೇಳಿದರು: "ನೋಡಿದಿರಾ, ಸಾಫ್ಟ್‌ವೇರ್ ಬಗ್ಗೆ ದೂರಿಲ್ಲ. ಅವರ ಗೋದಾಮೇ ಸರಿಯಿಲ್ಲ."

ಹಾರ

ವಡೋದರಾದ ಕಾರ್ಖಾನೆಯೊಂದರ ಗೇಟಿನಲ್ಲಿ, ಒಳಗೆ ಬರುವವರ ನಂಬರ್ ನೋಡಿ ಬಿಡುವ ನಮ್ಮ ಟ್ಯಾಬ್ಲೆಟ್ ಇಟ್ಟರು. ಅದು ಬಂದರೆ ಮುದುಕ ಕಾವಲುಗಾರನ ಕೆಲಸ ಹೋಗುತ್ತದೆ ಎಂದು ಎಲ್ಲರೂ ಅವನನ್ನು ಹೆದರಿಸಿದ್ದರು. ತಿಂಗಳ ಮೇಲೆ ಹೋಗಿ ನೋಡಿದರೆ ಟ್ಯಾಬ್ಲೆಟ್ಟಿಗೆ ಚೆಂಡುಹೂವಿನ ಹಾರ, ಮುಂದೆ ಊದುಬತ್ತಿ.

"ಇದೇನು ಕಾಕಾ?"

"ಸಾಹೇಬ್, ಇದು ಯಾವ ನಂಬರ್ ಒತ್ತಿದರೂ ಒಳಗೆ ಬಿಡುತ್ತೆ. ನನ್ನ ನಾಲ್ಕು ವರ್ಷದ ಮೊಮ್ಮಗಳನ್ನೂ ಬಿಟ್ಟಿತು. ಅದನ್ನ ನೋಡಿಕೊಳ್ಳೋಕೆ ಒಬ್ಬ ಕಾವಲುಗಾರ ಬೇಕು ಅಂತ ನನ್ನನ್ನೇ ಉಳಿಸಿಕೊಂಡರು."

ರಜೆ

ನಮ್ಮ ಆಫೀಸಿನ ರಜೆ ಅರ್ಜಿಯೂ ಇದೇ ಸರ್ವರಿನಲ್ಲಿ. ಹದಿನೈದು ದಿನ ತುಂಬಿ ಒತ್ತಿದೆ. ಹಸಿರು ಟಿಕ್ ಬಂತು. ಅದನ್ನು ಕಟ್ಟಿದವನು ನಾನೇ, ಆದರೂ ನಂಬಿದೆ. ಮದುವೆ ಗಂಡಿಗೆ ಹಸಿರು ಕಂಡರೆ ಹಸಿರೇ.

ಭಾವಿ ಮಾವನವರು ವಡೋದರಾದಲ್ಲಿ ಬ್ಯಾಂಕಿನವರು, ಕಾಗದ ನೋಡದೆ ಉಸಿರನ್ನೂ ಬಿಡುವವರಲ್ಲ. "ರಜೆ ಗಟ್ಟಿಯಾಯ್ತೇನ್ರೀ? ಆಮೇಲೆ ಹಾಲ್ ಬುಕ್ ಮಾಡ್ತೀನಿ" ಅಂದರು. ಟಿಕ್ಕಿನ ಚಿತ್ರ ಕಳಿಸಿದೆ. ಹಾಲ್ ಬುಕ್ ಆಯಿತು.

ಮದುವೆಗೆ ಐದು ದಿನವಿರುವಾಗ ಮೋಟಾಭಾಯಿ, "ಮುಂದಿನ ವಾರ ಪೂರ್ತಿ ನೀವು ಸೂರತ್‌ನಲ್ಲಿ" ಅಂದರು.

"ನನ್ನ ಮದುವೆ, ರಜೆ ಹಾಕಿದ್ದೆನಲ್ಲ! ಹಸಿರು ಟಿಕ್ ಬಂದಿತ್ತು!"

"ಅದು ಎಲ್ಲರಿಗೂ ಬರುತ್ತಲ್ಲಪ್ಪ."

ಕೆಲಸಕ್ಕೆ ಸೇರಿ ವರ್ಷ ತುಂಬದವರಿಗೆ ಮೂರು ದಿನಕ್ಕಿಂತ ಹೆಚ್ಚು ರಜೆ ಇಲ್ಲ ಎಂಬ ನಿಯಮವನ್ನು ಸರ್ವರಿನೊಳಗೆ ಬರೆದವನೂ ನಾನೇ. ಅದು ನನ್ನ ಅರ್ಜಿಯನ್ನು ಆಗಲೇ ತಳ್ಳಿಹಾಕಿತ್ತು. ಬಾಯಿಬಿಟ್ಟು ಬೇಡಿಕೊಂಡೆ: "ಈಗಲಾದರೂ ಕೊಡಿ."

ಮೋಟಾಭಾಯಿ ನಕ್ಕರು. "ಅದಕ್ಕೇನಂತೆ? ಕೂತ್ಕೊಳ್ಳಿ, ಚಹಾ ಕುಡೀರಿ."

ಕೂತೆ, ಕುಡಿದೆ. ಅರ್ಧ ಲೋಟ ಮುಗಿಯುವಷ್ಟರಲ್ಲಿ ನನಗೆ ಸಿಕ್ಕಿದ್ದು ಬಟ್ಟೆ ಅಂಗಡಿಯ ಉತ್ತರ ಎಂದು ಹೊಳೆಯಿತು. ಸೀದಾ ನನ್ನ ಕುರ್ಚಿಗೆ ಹೋಗಿ ಆ ಎಂಟು ಸಾಲು ಅಳಿಸಿ, ಅರ್ಜಿಯನ್ನು ಮತ್ತೆ ಒತ್ತಿದೆ. ಪರದೆ ತುಂಬ ಕೆಂಪು: "ಇಲ್ಲ. ರಜೆ ಸಾಧ್ಯವಿಲ್ಲ." ಲ್ಯಾಪ್‌ಟಾಪನ್ನು ಹಾಗೇ ಎತ್ತಿಕೊಂಡು ಹೋಗಿ ಅವರ ಮುಂದಿಟ್ಟೆ.

ಮೋಟಾಭಾಯಿ ಹೌಹಾರಿದರು. "ಮದುವೆ ಗಂಡಿಗೆ ಇಲ್ಲ ಅನ್ನುತ್ತಾ! ಅದೂ ನನ್ನ ಆಫೀಸಿನಲ್ಲಿ! ಎಂಥ ಅಪಶಕುನ!" ಅಲ್ಲೇ ಕಾಗದ ತೆಗೆದು ಹದಿನೈದರ ಬದಲು ಇಪ್ಪತ್ತು ದಿನ ಬರೆದು ಸಹಿ ಹಾಕಿದರು. "ಹೋಗಿ, ಸುಖವಾಗಿರಿ. ಆದರೆ ಹೋಗೋ ಮುಂಚೆ ಆ ಕೆಂಪನ್ನ ತೆಗೆದು ಹೋಗಿ."

ಎಂಟು ಸಾಲನ್ನೂ ಇದ್ದಲ್ಲೇ ಹಾಕಿ, ವಡೋದರಾ ರೈಲು ಹತ್ತಿದೆ.