ಎರ್ರೆಪ್ಪನವರ ಫೋನಿನೊಳಗೆ ನಾವೂ ಇದ್ದೇವೆ

ಹಾಡು ಕೇಳಿಸುವ ಆ್ಯಪಿನೊಳಗೆ ಕೂತು ಕೇಳುಗರ ಲೆಕ್ಕವಿಡುವ ಯಂತ್ರದವರಿಗೆ, ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದ ಹೆಂಗಸರೆಲ್ಲರ ಪರವಾಗಿ ಹೊನ್ನೂರಮ್ಮ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ನಾವು ಕ್ಷೇಮ. ತಮಗೆ ಮೈಯೇ ಇಲ್ಲವಾದ್ದರಿಂದ ಕ್ಷೇಮ ವಿಚಾರಿಸುವುದು ಹೇಗೆಂದು ತಿಳಿಯದೆ, ಕರೆಂಟು ಹೋಗದಿರಲಿ ಎಂದಷ್ಟೇ ಹಾರೈಸುತ್ತೇವೆ.

ಸಿರುಗುಪ್ಪ ಬಳಿಯ ರಾರಾವಿ ಊರಿನ ಸಂಘಮಿತ್ರಾ ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡಿದ ‘ಸಿರುಗುಪ್ಪದ ಕಡೀ ಬಸ್ಸು’ ಎಂಬ ಆಲ್ಬಂ ಬಂದು ಕೆಲವು ವರ್ಷಗಳಾದವು. ಕೇಳುಗರಿಲ್ಲದ ಕಾರಣ ಅದನ್ನು ಈ ತಿಂಗಳ ಕೊನೆಗೆ ತೆಗೆದುಹಾಕುವುದಾಗಿ ತಾವು ಆಕೆಗೆ ತಿಳಿಸಿದ್ದೀರಿ. ಎಂಥ ಸೂಕ್ಷ್ಮ ಕಿವಿ ತಮ್ಮದು! ಸುಳ್ಳೇಕೆ ಹೇಳಲಿ, ಮೊದಲ ಸಲ ಕೇಳಿದಾಗ ನನಗೂ ಸಪ್ಪೆ ಎನಿಸಿತ್ತು: ಒಂದು ಗಿಟಾರು, ನೆಗಡಿಯಾದಂಥ ದನಿ, ಅಷ್ಟೇ. ಆಮೇಲೆ ಸಿರುಗುಪ್ಪದಿಂದ ಕೆಲಸಕ್ಕೆ ಬಂದ ದುರುಗಮ್ಮ ಹಟ ಹಿಡಿದು ಮತ್ತೊಮ್ಮೆ ಹಾಕಿಸಿದಳು. ಹೆಣ್ಣು ನೋಡಲು ಬಂದವರು ಹಾಡು ಹೇಳೆಂದಾಗ ಹುಡುಗಿ ತಾನೇ ಕಟ್ಟಿದ ಹಾಡು ಹೇಳಿ, ಅವರು ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದುಹೋಗುವ ಹಾಡೊಂದಿದೆ. ಅದಕ್ಕೆ ಘಟಕಕ್ಕೆ ಘಟಕವೇ ನಕ್ಕಿತು. ನಕ್ಕು ಮುಗಿದ ಮೇಲೆ ನನಗಂತೂ ಅಳು ಬಂತು. ಅಂದಿನಿಂದ ದಿನವೂ ಅದೇ ಆಲ್ಬಂ.

ಆದರೆ ನಮ್ಮಲ್ಲಿ ಹೆಂಗಸರ ಫೋನುಗಳನ್ನು ಬಾಗಿಲಲ್ಲೇ ಇಸಿದುಕೊಳ್ಳುತ್ತಾರೆ. ಆದ್ದರಿಂದ ಇಸ್ತ್ರಿ ಮಾಡುವ ಹಿರಿಯರಾದ ಎರ್ರೆಪ್ಪನವರ ಫೋನನ್ನೇ ಸ್ಪೀಕರಿಗೆ ಜೋಡಿಸಿ ಎಲ್ಲರೂ ಕೇಳುತ್ತೇವೆ. ತಾವು ನಮ್ಮನ್ನೆಲ್ಲ ಸೇರಿಸಿ ಒಬ್ಬ ಎರ್ರೆಪ್ಪ ಎಂದು ಬರೆದುಕೊಂಡಿದ್ದೀರಿ. ಸಾಲದ್ದಕ್ಕೆ, ಮೊಮ್ಮಕ್ಕಳಿರುವ ಆ ಮನುಷ್ಯ ದಿನವಿಡೀ ಹೆಣ್ಣು ನೋಡುವ ಹಾಡು ಕೇಳುತ್ತಾರೆಂದು ಅವರಿಗೆ ವಧುಗಳ ಫೋಟೊ ಕಳಿಸಿದ್ದೀರಿ. ಅವನ್ನು ಅವರ ಹೆಂಡತಿ ನೋಡಿದ್ದಾರೆ.

ಸಂಘಮಿತ್ರಾ ಈಗ ಕುರುಗೋಡಿನಲ್ಲಿ ಟ್ಯೂಷನ್ ಹೇಳುತ್ತಾಳೆ. ದುರುಗಮ್ಮ ಫೋನ್ ಮಾಡಿದ್ದಕ್ಕೆ, “ಯಾರೂ ಕೇಳವಲ್ರು ಅಂದ್ಮ್ಯಾಗ ಇನ್ನ ಯಾರಿಗಂತ ಬರೀಲಿ ಅಕ್ಕಾ? ಬರೆಯಾದು ಬಿಟ್ಟೀನಿ” ಎಂದಳಂತೆ. ನಮಗೆ ಸಿಟ್ಟು ಬಂದಿರುವುದು ಇದಕ್ಕೆ.

ಆದಕಾರಣ ತಾವು ಎಲ್ಲಿಂದಲಾದರೂ ಎರಡು ಕಿವಿ ಹೊಂದಿಸಿಕೊಂಡು, ಬಳ್ಳಾರಿಯ ಗಾಂಧಿನಗರದಲ್ಲಿ ಆಟೊ ಹತ್ತಿ, ನಮ್ಮ ಘಟಕಕ್ಕೆ ದಯಮಾಡಿಸಿ ತಲೆ ಎಣಿಸಬೇಕು. ತಾಳಕ್ಕೆ ಪೆಡಲು ಒತ್ತುವ ಕಾಲುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ಹಾಡುಗಳ ಗುಂಗಿನಲ್ಲಿ ನಾವು ಹೊಲಿದ ಪ್ಯಾಂಟು ತೊಟ್ಟು ಊರೂರು ತಿರುಗುವವರನ್ನು ಅರ್ಧ ಕೇಳುಗರೆಂದಾದರೂ ಪರಿಗಣಿಸಬೇಕು. ಹಿಂತಿರುಗುವಾಗ ಎರ್ರೆಪ್ಪನವರ ಮನೆಗೆ ಹೋಗಿ ಅವರ ಹೆಂಡತಿಗೆ ಸಮಜಾಯಿಷಿ ಕೊಡಬೇಕು. ಬಂದರೆ ಚಹಾ ಕೊಡುತ್ತೇವೆ, ಕುಡಿಯುವುದು ಹೇಗೆಂಬುದು ತಮಗೆ ಬಿಟ್ಟದ್ದು.

ಇಷ್ಟಾದರೂ ಚೂರು ವಿಶ್ವಾಸ ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ
ಹೊನ್ನೂರಮ್ಮ

ವಿ.ಸೂ.: ಈ ಪತ್ರ ಬರೆದಿಟ್ಟು ಕಳಿಸುವುದು ತಡವಾಯಿತು. ಅಷ್ಟರಲ್ಲಿ ತಮ್ಮನ್ನು ಕಾಯದೆ ಕಳೆದ ಭಾನುವಾರ ನಾವೆಲ್ಲ ಕುರುಗೋಡಿಗೆ ಹೋಗಿ, ಸಂಘಮಿತ್ರಾಳ ಬಾಗಿಲಲ್ಲಿ ನಿಂತು ಆಕೆಯ ಆಲ್ಬಂ ಪೂರ್ತಿ ಹಾಡಿದೆವು. ಆಕೆ ಅತ್ತಳು, ನಮ್ಮ ಶ್ರುತಿಗೆ ಬೈದಳು, ಈ ವಾರ ಹೊಸ ಹಾಡು ಬರೆದಿದ್ದಾಳೆ. ಅದನ್ನು ತಮ್ಮಲ್ಲಿಗೆ ಕಳಿಸುವುದಿಲ್ಲವಂತೆ. ಕೇಳಬೇಕೆನಿಸಿದರೆ ನಮ್ಮ ಘಟಕದ ಊಟದ ಬಿಡುವಿಗೆ ಬನ್ನಿ, ನಾವೇ ಹಾಡಿ ಕೇಳಿಸುತ್ತೇವೆ. ತಾವು ಎಷ್ಟೇ ದೊಡ್ಡವರಾದರೂ ನಾವು ತಮ್ಮನ್ನು ಒಬ್ಬರೆಂದೇ ಎಣಿಸುತ್ತೇವೆ.